ಅಡಿಯಲ್ಲಿ ಸಿಕ್ಕು ಕಂಡರೆ ಮೇಲೆ ನೋಡಿ

(ಮನೆಯಲ್ಲೇ ಹೊಲಿಗೆ ಮಾಡುವ ಹೆಣ್ಣುಮಕ್ಕಳ ಮುಂದೆ ಆಡಿದ ಮಾತುಗಳು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ನಿಮಗೆಲ್ಲ ಹೊಲಿಯಲು ಬರುತ್ತದೆ. ಬ್ಲೌಸು, ಸೀರೆ ಫಾಲು, ಮಕ್ಕಳ ಯೂನಿಫಾರ್ಮು, ದಿಂಬಿನ ಕವರು ಎಲ್ಲ ಮಾಡುತ್ತೀರಿ. ಹಾಗಾಗಿ ಹೊಲಿಯುವುದು ಹೇಗೆ ಅಂತ ನಾನು ಹೇಳಲು ಹೋಗುವುದಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಮೆಷಿನ್ ಕೈಕೊಟ್ಟಾಗ ಏನು ಮಾಡಬೇಕು, ಅಷ್ಟನ್ನೇ ಮಾತಾಡೋಣ.

ಮೊದಲು ಒಂದು ಪ್ರಶ್ನೆ. ಹೊಲಿಗೆ ಕೆಟ್ಟ ತಕ್ಷಣ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ? ಮೇಲಿನ ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ಟೆನ್ಷನ್ ಸ್ಕ್ರೂಗೆ ತಾನೆ? ಒಂದು ಸುತ್ತು ಬಿಗಿ ಮಾಡುತ್ತೀರಿ. ಆಗಲಿಲ್ಲ ಅಂದರೆ ಎರಡು ಸುತ್ತು ಲೂಸ್ ಮಾಡುತ್ತೀರಿ. ಅದಕ್ಕೂ ಬಗ್ಗದಿದ್ದರೆ ಕೆಳಗಿನ ದಾರ ಸುತ್ತಿಟ್ಟ ಬಾಬಿನ್ ಕೂರುವ ಕೇಸಿನ ಸಣ್ಣ ಸ್ಕ್ರೂ. ಕೊನೆಗೆ ಮೆಕ್ಯಾನಿಕ್‌ಗೆ ಫೋನು. ಅಷ್ಟು ಹೊತ್ತಿಗೆ ಮೊದಲಿದ್ದ ತೊಂದರೆ ಒಂದಾದರೆ, ನಾವು ಸೇರಿಸಿದ್ದು ಇನ್ನೆರಡು. ನಿನ್ನೆ ಸಂಜೆವರೆಗೆ ಚೆನ್ನಾಗಿ ಹೊಲಿಯುತ್ತಿದ್ದ ಮೆಷಿನ್ನಿನ ಸ್ಕ್ರೂ ಬೆಳಗಾಗುವುದರೊಳಗೆ ತಾನಾಗಿ ತಿರುಗಿಕೊಳ್ಳುವುದಿಲ್ಲ, ಅಲ್ವಾ? ತಿರುಗಿಲ್ಲ ಅಂದಮೇಲೆ ತೊಂದರೆ ಅಲ್ಲಿರುವ ಸಾಧ್ಯತೆ ಕಡಿಮೆ.

ಆದ್ದರಿಂದ ಇವತ್ತು ನನ್ನದು ಒಂದೇ ಕೇಳಿಕೆ. ಸ್ಕ್ರೂ ಮುಟ್ಟುವ ಮೊದಲು ಬಟ್ಟೆ ತಿರುಗಿಸಿ ಹೊಲಿಗೆ ನೋಡಿ. ಯಾವ ದಾರ ಎಲ್ಲಿ ಬಿದ್ದಿದೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೊಲಿಗೆ ಬೀಳುವುದು ಹೇಗೆ

ಕೈಹೊಲಿಗೆಯಲ್ಲಿ ಇರುವುದು ಒಂದೇ ದಾರ. ಸೂಜಿ ಪೂರ್ತಿ ಆಚೆ ಹೋಗಿ ಮತ್ತೆ ಈಚೆ ಬರುತ್ತದೆ. ಮೆಷಿನ್ನಿನ ಸೂಜಿಗೆ ಕಣ್ಣು ಇರುವುದು ತುದಿಯಲ್ಲಿ. ಅದು ಪೂರ್ತಿ ಆಚೆ ಹೋಗುವುದೇ ಇಲ್ಲ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮೆಷಿನ್ನಿನಲ್ಲೂ ಇದೇ ಉಪಾಯ ಇತ್ತು. ತುದಿಯಲ್ಲಿ ಕಣ್ಣಿರುವ ಸೂಜಿಗೆ ಒಂದು ದಾರ, ಬಟ್ಟೆಯ ಇನ್ನೊಂದು ಕಡೆ ಶಟಲ್ಲಿನಲ್ಲಿ ಎರಡನೆಯ ದಾರ. ಆಮೇಲೆ ಮೋಟಾರು ಬಂತು, ಲೈಟು ಬಂತು, ಜಿಗ್‌ಜಾಗು, ಕಾಜಾ, ಎಂಬ್ರಾಯ್ಡರಿ ಎಲ್ಲ ಬಂತು. ಎರಡು ದಾರ ಒಂದನ್ನೊಂದು ಹಿಡಿದುಕೊಳ್ಳುವ ರೀತಿ ಮಾತ್ರ ಅದೇ. ಹಾಗಾಗಿ ನಿಮ್ಮ ಅತ್ತೆಯ ಕಾಲದ ಕಪ್ಪು ಕಾಲುಮೆಷಿನ್ನಿಗೂ ಹೋದ ವರ್ಷ ತಂದ ಬಿಳಿ ಮೆಷಿನ್ನಿಗೂ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ.

ಒಂದು ಹೊಲಿಗೆ ಬೀಳುವುದನ್ನು ನಿಧಾನಕ್ಕೆ ನೋಡೋಣ. ಸೂಜಿ ಬಟ್ಟೆ ತೂರಿ ಕೆಳಗಿಳಿಯುತ್ತದೆ. ತಳ ಮುಟ್ಟಿದ ಮೇಲೆ ಏಳಲು ಶುರು ಮಾಡುತ್ತದೆ. ಬರೀ 2 ಮಿಲಿಮೀಟರ್ ಆಸುಪಾಸು ಎದ್ದಿರುತ್ತದೆ, ಅಷ್ಟರಲ್ಲಿ ಬಟ್ಟೆ ದಾರವನ್ನು ಹಿಡಿದುಕೊಂಡಿರುವುದರಿಂದ ಸೂಜಿಯ ಬೆನ್ನ ಹಿಂದೆ ದಾರ ಸ್ವಲ್ಪ ಉಬ್ಬುತ್ತದೆ. ಸಣ್ಣದೊಂದು ಕುಣಿಕೆ ಆಗುತ್ತದೆ. ಸರಿಯಾಗಿ ಆ ಗಳಿಗೆಗೆ, ಕೆಳಗೆ ಬಾಬಿನ್ ಕೇಸಿನ ಸುತ್ತ ತಿರುಗುವ ಶಟಲ್ಲಿನ ಕೊಕ್ಕೆ ಬಂದು ಕುಣಿಕೆಯೊಳಗೆ ತೂರುತ್ತದೆ. ಅದನ್ನು ಅಗಲ ಮಾಡಿ ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಆಮೇಲೆ ಮೇಲಿನ ಲಿವರ್ ಎದ್ದು ಜಾಸ್ತಿಯಾದ ದಾರವನ್ನು ವಾಪಸ್ ಎಳೆದುಕೊಳ್ಳುತ್ತದೆ. ಮೇಲಿನ ದಾರ ಕೆಳಗಿನ ದಾರವನ್ನು ಹಿಡಿದು ಬಟ್ಟೆಯ ನಡುವೆ ಕೂರುತ್ತದೆ.

ಇದು ಹಗ್ಗಜಗ್ಗಾಟ. ಎರಡೂ ಕಡೆಯವರು ಸಮವಾಗಿ ಎಳೆದರೆ ಎರಡು ದಾರ ಸೇರುವ ಗಂಟು ಬಟ್ಟೆಯ ದಪ್ಪದೊಳಗೇ ಅಡಗುತ್ತದೆ. ಮೇಲಿನವರು ಕೈ ಸಡಿಲ ಬಿಟ್ಟರೆ ಗಂಟು ಕೆಳಕ್ಕೆ ಹೋಗುತ್ತದೆ. ಕೆಳಗಿನವರು ಸಡಿಲ ಬಿಟ್ಟರೆ ಮೇಲಕ್ಕೆ ಬರುತ್ತದೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ನೇತಾಡುತ್ತಿದ್ದರೆ ತೊಂದರೆ ಇರುವುದು ಮೇಲಿನ ದಾರದ ದಾರಿಯಲ್ಲಿ. ಕೆಳಗೆ ಕಂಡಿತು ಅಂತ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ಅಲ್ಲೇ ಹಾದಿ ತಪ್ಪುವುದು.

ಎರಡು ಬಣ್ಣದ ಪರೀಕ್ಷೆ

ಈಗ ನಿಮ್ಮ ಕೈಗೆ ಮೂರು ತುಂಡು ಬಟ್ಟೆ ಬಂದಿದೆ. ಬಿಳಿ ಕಾಟನ್, ಎರಡು ಪದರ. ಮೇಲಿನ ದಾರ ಕೆಂಪು, ಬಾಬಿನ್ ದಾರ ನೀಲಿ. ಎರಡೂ ಒಂದೇ ಕಂಪನಿಯ ಒಂದೇ ದಪ್ಪದ ದಾರ.

ಮೊದಲನೆಯ ತುಂಡಿನಲ್ಲಿ ಮೇಲೆ ಬರೀ ಕೆಂಪು, ತಿರುಗಿಸಿದರೆ ಬರೀ ನೀಲಿ. ಇದು ಸರಿಯಾದ ಹೊಲಿಗೆ. ಎರಡನೆಯದನ್ನು ತಿರುಗಿಸಿ ಬೆಳಕಿಗೆ ಹಿಡಿಯಿರಿ. ನೀಲಿ ದಾರ ನೆಟ್ಟಗೆ ಮಲಗಿದೆ, ಅದರ ಉದ್ದಕ್ಕೂ ಒಂದೊಂದು ತೂತಿನಲ್ಲಿ ಕೆಂಪು ಚುಕ್ಕೆ ಕಾಣುತ್ತಿದೆ. ಆ ನೀಲಿ ದಾರದ ತುದಿಯನ್ನು ಉಗುರಿನಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ನೋಡಿ, ಪೂರ್ತಿ ದಾರ ಜಾರಿಕೊಂಡು ಕೈಗೇ ಬಂತು. ಇಂಥ ಹೊಲಿಗೆಯಲ್ಲಿ ಬ್ಲೌಸ್ ಕೊಟ್ಟರೆ ಕಂಕುಳ ಹತ್ತಿರ ಒಂದು ದಾರ ಕಡಿದ ದಿನ ಇಡೀ ಸೈಡು ಬಿಚ್ಚಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಗಿರಾಕಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಹೊಲಿದವರೇ ತಿರುಗಿಸಿ ನೋಡಬೇಕು. ಮೂರನೆಯದರಲ್ಲಿ ಮೇಲ್ಗಡೆ ನೀಲಿ ಚುಕ್ಕೆ ಬಂದಿದೆ. ಒಂದೋ ಮೇಲಿನ ದಾರ ತುಂಬಾ ಬಿಗಿ, ಇಲ್ಲವೇ ಬಾಬಿನ್ ದಾರಕ್ಕೆ ಹಿಡಿತ ಇಲ್ಲ.

ಇನ್ನೊಂದು ಪರೀಕ್ಷೆ ಇದೆ. ಬಟ್ಟೆಯನ್ನು ಕ್ರಾಸ್ ಆಗಿ, ಅಂದರೆ ಎಳೆಗಳಿಗೆ ಓರೆಯಾಗಿ ಮಡಚಿ, ಕ್ರಾಸ್ ಮೇಲೇ ಒಂದು ಗೇಣು ಹೊಲಿಯಿರಿ. ಎರಡೂ ತುದಿ ಹಿಡಿದು ಜೋರಾಗಿ ಎಳೆಯಿರಿ. ಯಾವ ದಾರ ಮೊದಲು ಕಡಿಯಿತೋ ಅದು ಜಾಸ್ತಿ ಬಿಗಿ ಇದೆ. ಎರಡೂ ಒಟ್ಟಿಗೆ ಕಡಿದರೆ ಸಮ ಇದೆ. ಬಣ್ಣದ ದಾರ ಇಲ್ಲದಿದ್ದಾಗ ಇದು ಸಾಕು.

ಸಿಕ್ಕು

ಹೊಲಿಯಲು ಶುರು ಮಾಡಿದ್ದೇ ತಡ, ಕರಕರ ಸದ್ದು. ಬಟ್ಟೆ ಮುಂದಕ್ಕೆ ಹೋಗುವುದಿಲ್ಲ. ತಿರುಗಿಸಿದರೆ ಅಡಿಯಲ್ಲಿ ದಾರದ ದೊಡ್ಡ ಸಿಕ್ಕು. ಇದರಷ್ಟು ಸಿಟ್ಟು ಬರಿಸುವ ತೊಂದರೆ ಇನ್ನೊಂದಿಲ್ಲ, ಇದರಷ್ಟು ಸುಲಭವಾಗಿ ಹೋಗುವುದೂ ಇನ್ನೊಂದಿಲ್ಲ.

ಹೆಚ್ಚಿನ ಸಲ ಕಾರಣ ಇಷ್ಟೇ: ಬಟ್ಟೆ ಒತ್ತಿ ಹಿಡಿಯುವ ಫುಟ್ ಕೆಳಗಿಳಿಸಿಕೊಂಡೇ ಮೇಲಿನ ದಾರ ಹಾಕಿದ್ದೀರಿ. ಟೆನ್ಷನ್ ಒಳಗೆ ಎರಡು ಬಿಲ್ಲೆಗಳಿವೆ. ಫುಟ್ ಎತ್ತಿದಾಗ ಅವು ಬಿಡಿಸಿಕೊಳ್ಳುತ್ತವೆ, ಇಳಿಸಿದಾಗ ಕಚ್ಚಿಕೊಳ್ಳುತ್ತವೆ. ಇಳಿಸಿಕೊಂಡು ದಾರ ಹಾಕಿದರೆ ಅದು ಬಿಲ್ಲೆಗಳ ನಡುವೆ ಇಳಿಯದೆ ಅಂಚಿನಲ್ಲೇ ಕೂರುತ್ತದೆ. ಮೇಲಿನವರ ಕೈಯಲ್ಲಿ ಹಗ್ಗವೇ ಇಲ್ಲ ಅಂದಹಾಗಾಯಿತು. ಕೊಕ್ಕೆ ಎಳೆದಷ್ಟೂ ದಾರ ಕೆಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇದಕ್ಕೆ ಟೆನ್ಷನ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ. ದಾರ ಅದರೊಳಗೇ ಇಲ್ಲವಲ್ಲ.

ಸರಿ ಇದೆಯೋ ಇಲ್ಲವೋ ನೋಡಲು ಅರ್ಧ ನಿಮಿಷ ಸಾಕು. ಫುಟ್ ಎತ್ತಿ ಸೂಜಿಯ ಹತ್ತಿರ ದಾರ ಎಳೆಯಿರಿ, ಸಲೀಸಾಗಿ ಬರಬೇಕು. ಫುಟ್ ಇಳಿಸಿ ಎಳೆಯಿರಿ, ಸೂಜಿ ಬಾಗುವಷ್ಟು ಬಿಗಿ ಆಗಬೇಕು. ಎರಡಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ಪೂರ್ತಿ ದಾರ ತೆಗೆದು, ಫುಟ್ ಎತ್ತಿಕೊಂಡು, ಮೊದಲಿನಿಂದ ಹಾಕಿ. ಲಿವರಿನ ತೂತಿನಲ್ಲಿ ದಾರ ಹೋಗಿದೆಯೇ, ಟೆನ್ಷನ್ ಪಕ್ಕದ ಸಣ್ಣ ತಂತಿ ಸ್ಪ್ರಿಂಗನ್ನು ಹಿಡಿದಿದೆಯೇ ನೋಡಿಕೊಳ್ಳಿ. ಬಿಲ್ಲೆಗಳ ನಡುವೆ ದಾರದ ತುಣುಕು, ಎಣ್ಣೆ ಕೊಳೆ ಸಿಕ್ಕಿಕೊಂಡಿದ್ದರೂ ಅವು ಸರಿಯಾಗಿ ಕಚ್ಚುವುದಿಲ್ಲ. ಫುಟ್ ಎತ್ತಿ, ತೆಳ್ಳಗಿನ ಬಟ್ಟೆಯ ಅಂಚನ್ನು ನಡುವೆ ತೂರಿಸಿ ಹಿಂದೆ ಮುಂದೆ ಎಳೆದರೆ ಕಸ ಬರುತ್ತದೆ.

ಶುರುವಿನಲ್ಲಿ ಮಾತ್ರ ಸಿಕ್ಕಾಗಿ ಆಮೇಲೆ ಸರಿಹೋಗುವುದಾದರೆ ದಾರದ ತುದಿ ಹಿಡಿದುಕೊಂಡಿಲ್ಲ ಅಂತ ಅರ್ಥ. ಎರಡೂ ದಾರವನ್ನು ನಾಲ್ಕು ಬೆರಳಷ್ಟು ಉದ್ದ ಬಿಟ್ಟು, ಹಿಂದಕ್ಕೆ ಹಿಡಿದು, ಮೊದಲ ಮೂರ್ನಾಲ್ಕು ಹೊಲಿಗೆ ಬೀಳುವವರೆಗೆ ಬಿಡಬೇಡಿ.

ಕಾಲುಮೆಷಿನ್ ಇರುವವರಿಗೆ ಇನ್ನೊಂದು ಮಾತು. ಚಕ್ರ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ತುಳಿಯುವಾಗ ಒಂದು ಸಲ ಹಿಂದಕ್ಕೆ ಹೋದರೂ ದಾರ ಕಡಿಯುತ್ತದೆ, ಇಲ್ಲ ಸಿಕ್ಕಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಬಟ್ಟೆ ಕೊಡುವ ಮೊದಲು ಫುಟ್ ಎತ್ತಿಟ್ಟು ದಾರ ಇಲ್ಲದೆ ಸುಮ್ನೆ ತುಳಿಯಲು ಕೂರಿಸಬೇಕು ಅಂತ ನಾನು ಹೇಳುವುದು ಇದಕ್ಕೇ.

ಸೂಜಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮೆಷಿನ್ನಿನಲ್ಲಿ ಅತಿ ಕಡಿಮೆ ಬೆಲೆಯ ಭಾಗ ಇದು. ನಾವು ಅತಿ ಹೆಚ್ಚು ಅಸಡ್ಡೆ ಮಾಡುವುದೂ ಇದನ್ನೇ. ಮುರಿಯುವವರೆಗೆ ಸೂಜಿ ಬದಲಾಯಿಸದವರು ತುಂಬಾ ಜನ ಇದ್ದಾರೆ. ಸೂಜಿ ಮುರಿಯುವುದಕ್ಕೆ ಎಷ್ಟೋ ಮೊದಲೇ ಮೊಂಡಾಗಿರುತ್ತದೆ, ಬಾಗಿರುತ್ತದೆ. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಾಯಿಸಿ ಅಂತ ರೂಢಿಯಲ್ಲಿ ಹೇಳುತ್ತಾರೆ. ಜರಿ ಅಂಚು, ಕ್ಯಾನ್ವಾಸು, ಜೀನ್ಸು ಹೊಲಿದರೆ ಇನ್ನೂ ಬೇಗ ಬೇಕಾಗುತ್ತದೆ.

ಒಂದು ಹೊಸ ಸೂಜಿ ಕೈಗೆ ತೆಗೆದುಕೊಳ್ಳಿ. ಮೇಲಿನ ದಪ್ಪ ಭಾಗ ಒಂದು ಕಡೆ ದುಂಡಗಿದೆ, ಇನ್ನೊಂದು ಕಡೆ ಚಪ್ಪಟೆ ಇದೆ. ಈಗ ದುಂಡಗಿರುವ ಕಡೆಯಿಂದ ಕೆಳಕ್ಕೆ ಉಗುರು ಎಳೆಯಿರಿ. ಉದ್ದಕ್ಕೂ ಒಂದು ಸಣ್ಣ ತೋಡು ಸಿಗುತ್ತದೆ, ಕಣ್ಣಿನವರೆಗೆ. ಸೂಜಿ ಬಟ್ಟೆ ತೂರುವಾಗ ದಾರ ಆ ತೋಡಿನೊಳಗೆ ಅಡಗಿಕೊಂಡು ಇಳಿಯುತ್ತದೆ. ಹಾಗಾಗಿ ಬಟ್ಟೆಗೆ ಉಜ್ಜುವುದಿಲ್ಲ. ಸೂಜಿ ತಿರುಗಿಸಿ. ಕಣ್ಣಿನ ಸ್ವಲ್ಪ ಮೇಲೆ ಒಂದು ಕಡೆ ಕೆತ್ತಿದ ಹಾಗೆ ತಗ್ಗಿದೆ. ಕುಣಿಕೆ ಉಬ್ಬುವುದು ಅಲ್ಲೇ. ಕೊಕ್ಕೆ ಹಾದುಹೋಗುವುದೂ ಆ ತಗ್ಗಿನಲ್ಲೇ, ಸೂಜಿಗೆ ತೀರಾ ಹತ್ತಿರದಲ್ಲಿ. ಇದನ್ನು ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿದವರು ಸೂಜಿಯನ್ನು ತಿರುಗುಮುರುಗಾಗಿ ಹಾಕುವುದಿಲ್ಲ.

ಈಗಿನ ಜಿಗ್‌ಜಾಗ್ ಮೆಷಿನ್ನುಗಳಲ್ಲಿ ಚಪ್ಪಟೆ ಭಾಗ ಹಿಂದಕ್ಕೆ ಇರಬೇಕು, ದಾರ ಮುಂದಿನಿಂದ ಹಿಂದಕ್ಕೆ ಹಾಕಬೇಕು. ಹಳೆಯ ಕಪ್ಪು ಮೆಷಿನ್ನುಗಳಲ್ಲಿ ಚಪ್ಪಟೆ ಭಾಗ ಪಕ್ಕಕ್ಕೆ ಬರುತ್ತದೆ, ದಾರವನ್ನೂ ಪಕ್ಕದಿಂದ ಹಾಕುತ್ತೇವೆ. ಯಾವ ಪಕ್ಕ ಅನ್ನುವ ಗೊಂದಲ ಇದ್ದರೆ ಒಂದು ಸೂತ್ರ ಸಾಕು: ಉದ್ದ ತೋಡು ಇರುವ ಕಡೆಯಿಂದ ದಾರ ಒಳಗೆ ಹೋಗಬೇಕು, ತಗ್ಗು ಇರುವ ಕಡೆ ಕೊಕ್ಕೆ ಇರಬೇಕು. ಸೂಜಿ ಮೇಲಕ್ಕೆ ಪೂರ್ತಿ ಸೇರಿದ ಮೇಲೇ ಸ್ಕ್ರೂ ಬಿಗಿ ಮಾಡಿ. ಚೂರು ಕೆಳಗಿದ್ದರೂ ಕುಣಿಕೆ ತಪ್ಪಾದ ಜಾಗದಲ್ಲಿ ಉಬ್ಬುತ್ತದೆ.

ಅಂಗಡಿಯಲ್ಲಿ ಸುಮ್ನೆ ‘ಮೆಷಿನ್ ಸೂಜಿ ಕೊಡಿ’ ಅನ್ನಬೇಡಿ. ಮನೆ ಮೆಷಿನ್ನಿಗೆ ಬೇಕಾದದ್ದು ಎಚ್‌ಎ×1. ಕೆಲವು ಪ್ಯಾಕೆಟ್ ಮೇಲೆ 15×1 ಅಂತಲೂ 130/705 ಅಂತಲೂ ಇರುತ್ತದೆ, ಎಲ್ಲ ಒಂದೇ. ಗಾರ್ಮೆಂಟ್ ಫ್ಯಾಕ್ಟರಿಯ ಪವರ್ ಮೆಷಿನ್ನಿಗೆ ಹಾಕುವುದು ಡಿಬಿ×1. ಅದರ ಮೇಲ್ಭಾಗ ಪೂರ್ತಿ ದುಂಡಗಿರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಅಕ್ಕಂದಿರ ಬ್ಯಾಗಿನಲ್ಲಿ ಇರುವುದು ಸಾಮಾನ್ಯವಾಗಿ ಇದೇ. ಅದನ್ನು ಮನೆ ಮೆಷಿನ್ನಿಗೆ ಹಾಕಿದರೆ ಕೂರುವ ಹಾಗೇ ಕಾಣುತ್ತದೆ, ಹೊಲಿಗೆ ಮಾತ್ರ ಬಿಡುತ್ತಾ ಹೋಗುತ್ತದೆ.

ನಂಬರಿನ ವಿಷಯ. 90/14 ಅಂತ ಬರೆದಿದ್ದರೆ ಆ 90 ಅಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. 14 ಅನ್ನುವುದು ಹಳೆಯ ಲೆಕ್ಕ, ನಮ್ಮ ಬಾಯಲ್ಲಿ ಇರುವುದು ಅದೇ. ಮೈಸೂರು ಸಿಲ್ಕ್ ಕ್ರೇಪ್, ಜಾರ್ಜೆಟ್, ಶಿಫಾನ್ ಇವಕ್ಕೆ 9 ಅಥವಾ 11. ಕಾಟನ್ ಬ್ಲೌಸಿಗೆ, ಅಸ್ತರು ಹಾಕಿದ್ದಕ್ಕೆ 14. ಜೀನ್ಸು, ದಪ್ಪ ಬ್ಯಾಗು ಬಟ್ಟೆಗೆ 16 ಇಲ್ಲವೇ 18. ಎಲ್ಲಕ್ಕೂ ಒಂದೇ ಸೂಜಿ ಅಂತ ಕೂತರೆ ರೇಷ್ಮೆಯಲ್ಲಿ ತೂತು ಬೀಳುತ್ತದೆ, ಜೀನ್ಸಿನಲ್ಲಿ ಸೂಜಿ ಮುರಿಯುತ್ತದೆ.

ಸೂಜಿ ನೆಟ್ಟಗಿದೆಯೇ ನೋಡಲು ಚಪ್ಪಟೆ ಭಾಗವನ್ನು ಗಾಜಿನ ಮೇಲೆ ಒತ್ತಿ ಹಿಡಿದು ಕಣ್ಣಿನ ಮಟ್ಟಕ್ಕೆ ತನ್ನಿ. ಗಾಜಿಗೂ ಸೂಜಿಗೂ ನಡುವಿನ ಸಂದು ತುದಿಯವರೆಗೆ ಒಂದೇ ಸಮ ಇರಬೇಕು. ತುದಿ ಮೊಂಡಾಗಿದೆಯೇ ತಿಳಿಯಲು ಹಳೆಯ ನೈಲಾನ್ ವೇಲ್ ಮೇಲೆ ಎಳೆಯಿರಿ, ಎಳೆ ಸಿಕ್ಕಿಕೊಂಡರೆ ಬಿಸಾಕಿ. ಮುರಿದ ಸೂಜಿಯ ತುದಿ ಸಿಗುವವರೆಗೆ ಮತ್ತೆ ಹೊಲಿಯಬೇಡಿ. ಅದು ಶಟಲ್ ಒಳಗೆ ಬಿದ್ದಿರಬಹುದು, ಮಗುವಿನ ಫ್ರಾಕಿನೊಳಗೂ ಸೇರಿರಬಹುದು.

ಹೊಲಿಗೆ ಬಿಡುವುದು, ದಾರ ಕಡಿಯುವುದು

ನಾಲ್ಕು ಹೊಲಿಗೆ ಸಣ್ಣದು, ಐದನೆಯದು ಉದ್ದ. ಅಲ್ಲಿ ಹೊಲಿಗೆ ಬಿಟ್ಟಿದೆ. ಕೊಕ್ಕೆ ಬಂದಾಗ ಕುಣಿಕೆ ಸಿಕ್ಕಿಲ್ಲ. ಟೆನ್ಷನ್ನಿಗೂ ಇದಕ್ಕೂ ಸಂಬಂಧ ತೀರಾ ಕಡಿಮೆ. ಮೊದಲು ಸೂಜಿ ಬದಲಾಯಿಸಿ. ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಲೆಗ್ಗಿನ್ಸು, ಟೀ ಶರ್ಟು, ಹೊಸೈರಿ ನೈಟಿ ಹೊಲಿಯುವಾಗ ಮಾತ್ರ ಬಿಡುತ್ತದೆ ಅಂದರೆ ಸೂಜಿಯ ಜಾತಿ ಬೇರೆ ಬೇಕು. ಹಿಗ್ಗುವ ಬಟ್ಟೆ ಸೂಜಿಯ ಜೊತೆಗೇ ಮೇಲೇಳುತ್ತದೆ, ಆಗ ಕುಣಿಕೆ ಉಬ್ಬುವುದೇ ಇಲ್ಲ. ಅದಕ್ಕೆ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಸಿಗುತ್ತದೆ, ಕೇಳಿ ತನ್ನಿ.

ದಾರ ಕಡಿಯುವುದಕ್ಕೆ ಕಾರಣ ಹುಡುಕುವ ಮೊದಲು ಒಂದು ವಿಷಯ ತಿಳಿದಿರಲಿ. ಒಂದು ಹೊಲಿಗೆಗೆ ಬಟ್ಟೆಯಲ್ಲಿ ಉಳಿಯುವ ದಾರ ಕೆಲವೇ ಮಿಲಿಮೀಟರ್. ಬಾಬಿನ್ ಕೇಸ್ ಸುತ್ತಿ ಬರಲು ಅದಕ್ಕಿಂತ ಎಷ್ಟೋ ಪಟ್ಟು ಉದ್ದದ ದಾರ ಕೆಳಗಿಳಿದು ವಾಪಸ್ ಮೇಲೇಳಬೇಕು. ಅಂದರೆ ದಾರದ ಪ್ರತಿ ತುಣುಕೂ ಬಟ್ಟೆ ಸೇರುವ ಮೊದಲು ಹತ್ತಾರು ಸಲ ಸೂಜಿಯ ಕಣ್ಣಿನಲ್ಲಿ ಉಜ್ಜಿರುತ್ತದೆ. ಹಾಗಾಗಿ ದಾರಿಯಲ್ಲಿ ಎಲ್ಲಿ ಒರಟಿದ್ದರೂ ದಾರ ಸವೆಯುತ್ತದೆ. ಕಡಿದ ತುದಿಯನ್ನು ನೋಡಿ. ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದರೆ ಉಜ್ಜಿ ಸವೆದಿದೆ. ಸೂಜಿಯ ಕಣ್ಣು ಸಣ್ಣದಾಗಿರಬಹುದು, ಸೂಜಿ ಇಳಿಯುವ ಪ್ಲೇಟಿನ ತೂತಿನ ಅಂಚಿಗೆ ಯಾವತ್ತೋ ಸೂಜಿ ಬಡಿದು ಗೀರು ಬಿದ್ದಿರಬಹುದು. ಆ ಗೀರನ್ನು ಝೀರೋ ನಂಬರಿನ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ನುಣುಪು ಮಾಡಬಹುದು. ತುದಿ ಕತ್ತರಿಸಿದ ಹಾಗೆ ನೀಟಾಗಿದ್ದರೆ ದಾರ ಎಲ್ಲೋ ಸಿಕ್ಕಿಕೊಂಡು ಜಗ್ಗಿದೆ. ರೀಲಿನ ಅಂಚಿನ ಕಚ್ಚು ನೋಡಿ. ದಾರ ಸಿಗಿಸಿಡಲು ಅಂತ ಮಾಡಿರುವ ಆ ಸೀಳು ಹೊಲಿಯುವಾಗ ದಾರ ಹಿಡಿಯುತ್ತದೆ.

ದಾರದ್ದೇ ತಪ್ಪೂ ಇರಬಹುದು. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಕಾಟನ್ ದಾರವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಪಟ್ ಅಂತ ಹೋಗುತ್ತದೆ. ಅಂಥದ್ದನ್ನು ಗುಂಡಿ ಹಾಕಲೂ ಬಳಸಬೇಡಿ. ಕಡಿಮೆ ಬೆಲೆಯ ದಾರವನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಗಂಟು, ದಪ್ಪ ತೆಳು ಕಾಣುತ್ತದೆ. ಗಂಟು ಕಣ್ಣಿಗೆ ಬಂದಾಗ ಕಡಿಯದೆ ಇನ್ನೇನಾಗುತ್ತದೆ? ರೀಲಿಗೆ ಹತ್ತು ರೂಪಾಯಿ ಉಳಿಸಿ ಅರ್ಧ ದಿನ ಕಳೆಯುವುದು ಬೇಡ.

ಬಾಬಿನ್ ಕಡೆ

ಬಾಬಿನ್ನಿನಲ್ಲಿ ಮೊದಲು ನೋಡಬೇಕಾದದ್ದು ಸುತ್ತಿದ ರೀತಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆಯೇ? ಹಾಗಾದರೆ ಸುತ್ತುವಾಗ ದಾರವನ್ನು ಅಲ್ಲಿನ ಸಣ್ಣ ಟೆನ್ಷನ್ ಬಿಲ್ಲೆಯಲ್ಲಿ ಹಾಯಿಸಿಲ್ಲ. ಲೂಸಾಗಿ ಸುತ್ತಿದ ಬಾಬಿನ್ ಒಮ್ಮೆ ಬಿಗಿ ಒಮ್ಮೆ ಸಡಿಲ ಬಿಡುತ್ತದೆ, ಹೊಲಿಗೆಯೂ ಹಾಗೇ ಬೀಳುತ್ತದೆ. ಹಳೆಯ ದಾರದ ಮೇಲೆ ಇನ್ನೊಂದು ಬಣ್ಣ ಸುತ್ತುವ ಅಭ್ಯಾಸವನ್ನೂ ಬಿಡಿ. ತುಕ್ಕು ಹಿಡಿದ, ಅಂಚು ಬಾಗಿದ ಬಾಬಿನ್ನುಗಳನ್ನು ಇವತ್ತೇ ಆರಿಸಿ ತೆಗೆದುಬಿಡಿ.

ಬಾಬಿನ್ನನ್ನು ಕೇಸಿಗೆ ಹಾಕುವಾಗ ದಾರ ಸೀಳಿನವರೆಗೆ ಬಂದು, ಅಲ್ಲಿಂದ ಬಂದ ದಿಕ್ಕಿಗೇ ವಾಪಸ್ ತಿರುಗಿ ಸ್ಪ್ರಿಂಗ್ ಪಟ್ಟಿಯ ಕೆಳಗೆ ಹೋಗಬೇಕು. ಸಾಮಾನ್ಯ ಮನೆ ಮೆಷಿನ್ನಿನ ಕೇಸಿನಲ್ಲಿ ಹೀಗೆ. ಆಮೇಲೆ ದಾರದ ತುದಿ ಹಿಡಿದು ಕೇಸನ್ನು ನೇತಾಡಿಸಿ. ತನ್ನ ಭಾರಕ್ಕೇ ಜಾರಿ ಕೆಳಗೆ ಹೋಗಬಾರದು. ಕೈಯನ್ನು ಒಮ್ಮೆ ಮೆಲ್ಲಗೆ ಮೇಲಕ್ಕೆ ಜಗ್ಗಿದರೆ ಎರಡು ಮೂರು ಬೆರಳಷ್ಟು ಇಳಿದು ನಿಲ್ಲಬೇಕು. ಸುಮ್ನೆ ಜಾರುತ್ತಾ ಹೋದರೆ ಮೊದಲು ಸ್ಪ್ರಿಂಗ್ ಪಟ್ಟಿಯ ಕೆಳಗಿನ ಧೂಳು ತೆಗೆಯಿರಿ. ದಪ್ಪ ಕಾಗದದ ಅಂಚು ತೂರಿಸಿದರೆ ಬರುತ್ತದೆ. ಆಗಲೂ ಜಾರಿದರೆ ಮಾತ್ರ ಸ್ಕ್ರೂ, ಅದೂ ಕಾಲು ಸುತ್ತಿಗಿಂತ ಕಡಿಮೆ. ತಿರುಗಿಸುವ ಮೊದಲು ಸ್ಕ್ರೂ ಗೀರು ಯಾವ ಕಡೆ ಮುಖ ಮಾಡಿದೆ ಅಂತ ಮೊಬೈಲಿನಲ್ಲಿ ಒಂದು ಫೋಟೋ ಹಿಡಿದಿಟ್ಟುಕೊಳ್ಳಿ.

ಎಣ್ಣೆ, ಧೂಳು

ಈ ಮಾತು ಕರಾವಳಿಗೂ ಮಲೆನಾಡಿಗೂ ಬಯಲುಸೀಮೆಗೂ ಒಂದೇ. ಮೆಷಿನ್ನಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ಮಾರ್ಗಶಿರದ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿರುತ್ತದಲ್ಲ, ಅದೇ ಎಣ್ಣೆ ಮೆಷಿನ್ನಿನ ಒಳಗೂ ಹಾಗೇ ಆಗುತ್ತದೆ. ಜೊತೆಗೆ ಕಾಲ ಕಳೆದ ಹಾಗೆ ಧೂಳು ಹಿಡಿದು ಅಂಟಾಗುತ್ತದೆ. ಅಡುಗೆಗೆ ಬಳಸುವ ಯಾವ ಎಣ್ಣೆಯೂ ಬೇಡ. ನೀರಿನಷ್ಟು ತಿಳಿಯಾದ ಮೆಷಿನ್ ಎಣ್ಣೆ ಎಲ್ಲಾ ಊರಲ್ಲೂ ಸಿಗುತ್ತದೆ. ಶಟಲ್ ಓಡುವ ದಾರಿಗೆ ಒಂದು ತೊಟ್ಟು, ಮೇಲಿನ ತೂತುಗಳಿಗೆ ಒಂದೊಂದು ತೊಟ್ಟು. ಬಿಟ್ಟ ಮೇಲೆ ಹಳೇ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಓಡಿಸಿ, ಆಮೇಲೆ ಗಿರಾಕಿಯ ಬಟ್ಟೆ ಹಿಡಿಯಿರಿ. ಟೆನ್ಷನ್ ಬಿಲ್ಲೆಗೆ ಮಾತ್ರ ಎಣ್ಣೆ ಸೋಕಬಾರದು.

ಪ್ಲೇಟಿನ ಕೆಳಗೆ ಬಟ್ಟೆ ದೂಡುವ ಹಲ್ಲುಗಳ ಸಂದಿನಲ್ಲಿ ನೂಲಿನ ಪುಡಿ ಸೇರಿ, ಒತ್ತಿ ಒತ್ತಿ ಕಂಬಳಿ ತುಂಡಿನಷ್ಟು ಗಟ್ಟಿಯಾಗಿರುತ್ತದೆ. ಆಗ ಹಲ್ಲು ಪೂರ್ತಿ ಮೇಲೇಳುವುದಿಲ್ಲ. ಬಟ್ಟೆ ಸಾಗುವುದಿಲ್ಲ, ಒಂದೇ ಕಡೆ ಹೊಲಿಗೆ ಬೀಳುತ್ತದೆ. ಬಟ್ಟೆ ಹೋಗುತ್ತಿಲ್ಲ ಅಂತ ನಾವು ಹಿಂದಿನಿಂದ ಎಳೆಯುತ್ತೇವೆ. ಎಳೆದರೆ ಸೂಜಿ ಬಾಗಿ ಪ್ಲೇಟಿಗೆ ಬಡಿಯುತ್ತದೆ. ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ, ಹಳೆಯ ಟೂತ್ ಬ್ರಶ್ಶಿನಲ್ಲಿ ತೆಗೆಯಿರಿ. ಬಾಯಿಂದ ಊದಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಕರೆಂಟಿನ ಮೆಷಿನ್ ಆದರೆ ಪ್ಲಗ್ ತೆಗೆದ ಮೇಲೇ ಇದೆಲ್ಲ.

ರೇಷ್ಮೆ, ಜಾರ್ಜೆಟ್ಟಿನಲ್ಲಿ ಹೊಲಿಗೆಯುದ್ದಕ್ಕೂ ಸುಕ್ಕು ಬರುತ್ತದೆ ಅಂತ ಚೀಟಿ ಬರೆದು ಕೇಳಿದ್ದೀರಿ. ಎರಡೂ ದಾರ ಬಿಗಿ ಇದ್ದರೆ ಹಾಗಾಗುತ್ತದೆ, ದಪ್ಪ ಸೂಜಿ ಹಾಕಿದರೂ ಆಗುತ್ತದೆ. ಸಣ್ಣ ಸೂಜಿ ಹಾಕಿ, ಮೇಲಿನ ಟೆನ್ಷನ್ ಸ್ವಲ್ಪ ಇಳಿಸಿ, ಫುಟ್ಟಿನ ಒತ್ತಡ ಕಡಿಮೆ ಮಾಡಿ. ಬಟ್ಟೆಯ ಕೆಳಗೆ ತೆಳ್ಳಗಿನ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೂ ಚೆನ್ನಾಗಿ ಬರುತ್ತದೆ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತದೆ.

ಕೇಳಿದ ಪ್ರಶ್ನೆಗಳಲ್ಲಿ ಎರಡು

‘ಅಕ್ಕಾ, ಸೈಡು ಹೊಲಿಗೆ ಸೇರುವ ದಪ್ಪ ಜಾಗದಲ್ಲಿ ಮಾತ್ರ ಹೊಲಿಗೆ ಬಿಡುತ್ತೆ. ಬೇರೆ ಎಲ್ಲಾ ಕಡೆ ಸರಿ ಇದೆ.’

ಅಲ್ಲಿ ಫುಟ್ಟಿನ ಮುಂಭಾಗ ಮೇಲೆದ್ದು ಓರೆಯಾಗುತ್ತದಮ್ಮ. ಬಟ್ಟೆಯ ಮೇಲೆ ಸರಿಯಾದ ಒತ್ತು ಬೀಳುವುದಿಲ್ಲ, ಬಟ್ಟೆ ಸೂಜಿಯ ಜೊತೆ ಏಳುತ್ತದೆ. ಅದೇ ದಪ್ಪಕ್ಕೆ ಮಡಚಿದ ಒಂದು ಚಿಂದಿಯನ್ನು ಫುಟ್ಟಿನ ಹಿಂಭಾಗದ ಕೆಳಗೆ ಇಡು. ಫುಟ್ ಸಮ ಆಗುತ್ತದೆ. ಆ ಎರಡಿಂಚು ಕಾಲಲ್ಲಿ ತುಳಿಯದೆ ಕೈಯಲ್ಲೇ ಚಕ್ರ ತಿರುಗಿಸಿ ದಾಟಿಸು.

‘ಟೈಮಿಂಗ್ ಹೋಗಿದೆ ಅಂತ ಹೇಳಿ ಮೆಕ್ಯಾನಿಕ್ ದುಡ್ಡು ಕೇಳ್ತಾರೆ. ನಿಜವಾಗಿ ಹೋಗಿದೆಯಾ ಅಂತ ನಮಗೆ ಹೇಗೆ ಗೊತ್ತಾಗಬೇಕು?’

ಒಳ್ಳೆಯ ಪ್ರಶ್ನೆ. ಇದನ್ನು ಕೇಳಲೇಬೇಕು. ಸರ್ಕಾರದ ಯೋಜನೆಗಳಿಂದ ಎಷ್ಟೋ ಮನೆಗೆ ಹೊಸದಾಗಿ ಹೊಲಿಗೆ ಸೇರುತ್ತಿದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರಿಂಗ್ ಕೂಡ ಒಂದು, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಮೆಷಿನ್ ಕೊಂಡ ಮೇಲೆ ಅದು ಕೆಟ್ಟರೆ ನೋಡುವುದು ಹೇಗೆ ಅಂತ ಹೇಳಿಕೊಡುವವರು ಕಡಿಮೆ. ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಗೊತ್ತಿಲ್ಲದವರ ಹತ್ತಿರ ದುಡ್ಡು ಕೀಳುವುದು ಸುಲಭ.

ಟೈಮಿಂಗ್ ಅಂದರೆ ಸೂಜಿಯೂ ಕೊಕ್ಕೆಯೂ ಸೇರುವ ಹೊತ್ತು. ಸೂಜಿ ಪ್ಲೇಟಿಗೋ ಶಟಲ್ಲಿಗೋ ಜೋರಾಗಿ ಬಡಿದಾಗ, ಸೂಜಿ ಹಿಡಿದಿರುವ ಕಂಬಿ ಜರುಗಿ ಅದು ತಪ್ಪುತ್ತದೆ. ಹೀಗೆ ಏನೂ ಆಗದೆ ಟೈಮಿಂಗ್ ಹೋಗುವುದು ಅಪರೂಪ. ಹೊಸ ಸೂಜಿ ಹಾಕಿ, ದಾರ ತೆಗೆಯಿರಿ, ಪ್ಲೇಟ್ ಬಿಚ್ಚಿ, ಬಾಬಿನ್ ಕೇಸ್ ಹೊರಗಿಡಿ. ಟಾರ್ಚ್ ಹಿಡಿದು ಚಕ್ರವನ್ನು ನಿಮ್ಮ ಕಡೆಗೆ ತೀರಾ ನಿಧಾನಕ್ಕೆ ತಿರುಗಿಸಿ. ಸೂಜಿ ತಳ ಮುಟ್ಟಿ ಸ್ವಲ್ಪವೇ ಎದ್ದಾಗ ಕೊಕ್ಕೆಯ ಮೊನೆ ಬಂದು ಸೂಜಿಯ ಹಿಂದಿನ ತಗ್ಗಿನಲ್ಲಿ, ಕಣ್ಣಿಗಿಂತ ಚೂರು ಮೇಲೆ ಹಾದುಹೋದರೆ ಟೈಮಿಂಗ್ ಸರಿ ಇದೆ. ಕೊಕ್ಕೆ ಬರುವಷ್ಟರಲ್ಲಿ ಸೂಜಿ ಆಗಲೇ ತುಂಬಾ ಮೇಲೆ ಹೋಗಿದ್ದರೆ, ಅಥವಾ ಮೊನೆ ಕಣ್ಣಿಗಿಂತ ಕೆಳಗೆ ಹಾದರೆ, ತಪ್ಪಿದೆ. ಅದನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ. ಅದು ಮೆಕ್ಯಾನಿಕ್ ಕೆಲಸ, ಅದಕ್ಕೆ ದುಡ್ಡು ಕೊಡುವುದು ನ್ಯಾಯ. ಕರೆಯುವಾಗ ‘ಮೆಷಿನ್ ಕೆಟ್ಟಿದೆ’ ಅಂತಷ್ಟೇ ಹೇಳಬೇಡಿ. ‘ಹೊಸ ಎಚ್‌ಎ×1 ಸೂಜಿ ಹಾಕಿದ್ದೇನೆ, ದಾರ ಮತ್ತೆ ಹಾಕಿ ನೋಡಿದ್ದೇನೆ, ಕೊಕ್ಕೆ ಕಣ್ಣಿಗಿಂತ ಕೆಳಗೆ ಹೋಗುತ್ತಿದೆ’ ಅನ್ನಿ. ಎರಡು ಬಣ್ಣದ ದಾರದಲ್ಲಿ ಹೊಲಿದ ತುಂಡನ್ನೂ ಕೈಗೆ ಕೊಡಿ. ರಿಪೇರಿ ಆದಮೇಲೆ ಅದೇ ದಾರದಲ್ಲಿ ಇನ್ನೊಂದು ತುಂಡು ಅವರ ಎದುರಿಗೇ ಹೊಲಿದು, ತಿರುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.